ವೈರಸ್ಸಿನೊಳಗೆ ಹೊಲಿದ ದೀಪ

ಹೋದ ಮಳೆಗಾಲದಲ್ಲಿ ನಮ್ಮ ಅಕ್ಕನ ಮಗನಿಗೆ ಜ್ವರ ಬಂತು. ಬಳ್ಳಾರಿಯ ಕೌಲ್‌ಬಜಾರ್ ಕಡೆ ಅವರ ಮನೆ. ನಲ್ಲಿ ನೀರು ದಿನಾ ಬರುವುದಿಲ್ಲ. ಹಾಗಾಗಿ ಡ್ರಮ್ಮು, ಕೊಡ, ಬಕೆಟ್ಟು ಎಲ್ಲಾ ಸದಾ ತುಂಬಿರುತ್ತವೆ. ಸೊಳ್ಳೆಗೆ ಅಷ್ಟೇ ಸಾಕು. ಮೂರನೇ ದಿನ ರಕ್ತ ಪರೀಕ್ಷೆ ಮಾಡಿಸಿದರು, ಚೀಟಿಯಲ್ಲಿ 'ಎನ್‌ಎಸ್1 ಪಾಸಿಟಿವ್' ಅಂತ ಬಂತು. ಹುಡುಗ ಒಂದು ವಾರದಲ್ಲಿ ಚೇತರಿಸಿಕೊಂಡ. ಅಕ್ಕ ಮಾತ್ರ ಆ ಚೀಟಿಯನ್ನು ಮಡಚಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ನಾನು ಹೋದಾಗ ತೆಗೆದು ಮುಂದಿಟ್ಟಳು.

"ತಮ್ಮಾ, ಈ ಎನ್‌ಎಸ್ ಒನ್ ಅಂದ್ರೆ ಏನು?"

"ಡೆಂಗಿ ವೈರಸ್ಸು ನಮ್ಮ ಜೀವಕೋಶದ ಒಳಗೆ ಕೂತು ಹತ್ತು ಥರದ ಪ್ರೋಟೀನ್ ಮಾಡಿಸ್ಕೊಳ್ಳುತ್ತೆ ಅಕ್ಕಾ. ಅದರಲ್ಲಿ ಇದೊಂದು. ಇದು ರಕ್ತಕ್ಕೂ ಬರುತ್ತೆ, ಅದಕ್ಕೇ ಪರೀಕ್ಷೆಯಲ್ಲಿ ಸಿಗುತ್ತೆ" ಎಂದೆ.

ಅವಳು ಅಷ್ಟಕ್ಕೆ ಬಿಡಲಿಲ್ಲ. "ಒಳಗೆ ಕೂತು ಮಾಡಿಸ್ಕೊಳ್ತೈತೆ ಅಂತೀಯಲ್ಲ, ಅದನ್ನ ನೋಡ್ದೋರು ಯಾರು?"

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಅದಕ್ಕೂ ಮೊದಲು ಎರಡು ವರ್ಷ ಒಂದು ವೈರಸ್ ಲ್ಯಾಬಿನಲ್ಲಿ ಕೆಲಸ ಮಾಡಿದ್ದೆ. ಇಷ್ಟು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ ನನಗೆ ಈ ಪ್ರಶ್ನೆ ಕೇಳಿಲ್ಲ. ಪುಸ್ತಕದಲ್ಲಿ ಬಾಣದ ಗುರುತು ಹಾಕಿ ಚಿತ್ರ ಬರೆದಿರುತ್ತಾರೆ: ವೈರಸ್ ಒಳಗೆ ಹೋಯಿತು, ನಕಲಾಯಿತು, ಹೊರಗೆ ಬಂತು. ಆ ಬಾಣಗಳನ್ನು ಯಾರು, ಹೇಗೆ ಕಂಡುಕೊಂಡರು ಅನ್ನುವುದು ಅಲ್ಲಿ ಇರುವುದಿಲ್ಲ.

ನೋಡುವುದು ಯಾಕೆ ಕಷ್ಟ ಅನ್ನುವುದರಿಂದ ಶುರು ಮಾಡೋಣ. ಡೆಂಗಿ ವೈರಸ್ಸಿನ ಒಂದು ಕಣ ಸುಮಾರು 50 ನ್ಯಾನೋಮೀಟರ್. ಇಪ್ಪತ್ತು ಸಾವಿರ ಕಣಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ನಮ್ಮ ಕಾಲೇಜಿನಲ್ಲಿರುವಂಥ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೋಮೀಟರಿಗಿಂತ ಸಣ್ಣದನ್ನು ಬಿಡಿಸಿ ತೋರಿಸಲು ಆಗುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸುತ್ತದೆ, ನಿಜ. ಆದರೆ ಸಾಮಾನ್ಯವಾಗಿ ಅದಕ್ಕೆ ಜೀವಕೋಶವನ್ನು ಕೊಂದು, ಗಟ್ಟಿ ಮಾಡಿ, ತೆಳ್ಳಗೆ ಕೊಯ್ದು ಇಡಬೇಕು. ಸಿಗುವುದು ಒಂದು ಗಳಿಗೆಯ ಫೋಟೋ. ಮುಂದೇನಾಯಿತು ಅಂತ ಅದೇ ಜೀವಕೋಶವನ್ನು ಮತ್ತೆ ಕೇಳುವಂತಿಲ್ಲ.

ಇನ್ನೊಂದು ಹಳೆಯ ದಾರಿ ಎಣಿಸುವುದು. ತಟ್ಟೆಯಲ್ಲಿ ಜೀವಕೋಶಗಳನ್ನು ಒಂದೇ ಪದರವಾಗಿ ಬೆಳೆಸಿ, ಮೇಲೆ ವೈರಸ್ ಇರುವ ದ್ರವ ಹಾಕಿ, ಅಂಬಲಿಯಂಥ ದಪ್ಪ ಪದರ ಮುಚ್ಚಿ ಬಿಡುತ್ತಾರೆ. ವೈರಸ್ ಬಿದ್ದಲ್ಲಿ ಜೀವಕೋಶಗಳು ಸತ್ತು, ಬಣ್ಣ ಹಾಕಿದಾಗ ಸಣ್ಣ ಸಣ್ಣ ತೂತು ಕಾಣುತ್ತವೆ. ತೂತು ಎಣಿಸಿದರೆ ಎಷ್ಟು ವೈರಸ್ ಇತ್ತು ಅಂತ ಗೊತ್ತಾಗುತ್ತದೆ. ಡೆಂಗಿಯಲ್ಲಿ ಇದಕ್ಕೆ ಐದಾರು ದಿನ ಕಾಯಬೇಕು. ಇವತ್ತಿಗೂ ಇದು ಬಹಳ ನಂಬಿಕೆಯ ವಿಧಾನ. ಆದರೆ ಅದು ಹೇಳುವುದು ಕೊನೆಯ ಲೆಕ್ಕ ಮಾತ್ರ.

ಕೊನೆಯ ಲೆಕ್ಕದಲ್ಲಿ ಏನು ಕೊರತೆ ಅಂತ ಅಕ್ಕನಿಗೆ ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಅವಳು ಮನೆಯಲ್ಲೇ ಜೀನ್ಸ್ ಪ್ಯಾಂಟು ಹೊಲಿಯುತ್ತಾಳೆ. ಕತ್ತರಿಸಿದ ಪೀಸುಗಳು ಕಟ್ಟು ಕಟ್ಟಿ ಬರುತ್ತವೆ. ಒಬ್ಬರು ಜೇಬು ಕೂರಿಸುತ್ತಾರೆ, ಒಬ್ಬರು ಜಿಪ್ಪು, ಒಬ್ಬರು ಬೆಲ್ಟ್ ಪಟ್ಟಿ. ಆಮೇಲೆ ವಾಷಿಂಗ್, ಗುಂಡಿ, ಪ್ಯಾಕಿಂಗ್. ವಾರದ ಕೊನೆಗೆ ಮಾಲೀಕರು ಪ್ಯಾಂಟು ಎಣಿಸಿ, "ನೂರು ಬರಬೇಕಿತ್ತು, ನಲವತ್ತೇ ಬಂದಿದೆ" ಅಂದರೆ ಅದರಿಂದ ಏನು ತಿಳಿಯುತ್ತದೆ? ಜಿಪ್ಪು ಮುಗಿದಿತ್ತೋ, ಕರೆಂಟು ಹೋಗಿತ್ತೋ, ಹೊಲಿದದ್ದು ವಾಷಿಂಗಿನಲ್ಲೇ ಬಿದ್ದಿದೆಯೋ ಗೊತ್ತಾಗುವುದಿಲ್ಲ. ಅದಕ್ಕೇ ಪ್ರತಿ ಪೀಸಿಗೂ ನಂಬರಿನ ಚೀಟಿ ಅಂಟಿಸಿರುತ್ತಾರೆ. ಚೀಟಿ ಎಲ್ಲಿ ನಿಂತಿದೆಯೋ ಕೆಲಸ ಅಲ್ಲಿ ನಿಂತಿದೆ.

ವೈರಸ್ಸಿಗೂ ಇಂಥದ್ದೇ ಒಂದು ಚೀಟಿ ಬೇಕಾಗಿತ್ತು. ಅದಕ್ಕೆ ರಿಪೋರ್ಟರ್ ಜೀನ್ ಅನ್ನುತ್ತಾರೆ. ಜೀನ್ ಅಂದರೆ ಒಂದು ಪ್ರೋಟೀನ್ ಮಾಡುವ ಸೂಚನೆ. ಇದು ಸುದ್ದಿ ತರುವ ಜೀನ್.

ಪ್ಯಾಟರ್ನ್ ಮಾತ್ರ ತರುವ ಅತಿಥಿ

ಡೆಂಗಿ ವೈರಸ್ಸಿನ ಬಳಿ ಹೊಲಿಗೆ ಯಂತ್ರ ಇಲ್ಲ, ದಾರ ಇಲ್ಲ, ಕೆಲಸಗಾರರಿಲ್ಲ. ಇರುವುದು ಪ್ಯಾಟರ್ನ್ ಒಂದೇ, ಅಂದರೆ ಏನು ಮಾಡಬೇಕು ಅನ್ನುವ ನಕ್ಷೆ. ಅದು ಸುಮಾರು 10,700 ರಾಸಾಯನಿಕ ಅಕ್ಷರಗಳ, ಡಿಎನ್‌ಎಯ ಹತ್ತಿರದ ಸಂಬಂಧಿಯಾದ ಒಂದು ಆರ್‌ಎನ್‌ಎ ಎಳೆ. ನಮ್ಮ ಜೀವಕೋಶದ ಒಳಗೆ ಹೋದ ತಕ್ಷಣ ಅಲ್ಲಿ ಪ್ರೋಟೀನ್ ಹೊಲಿಯುವ ಯಂತ್ರಗಳಾದ ರೈಬೋಸೋಮುಗಳು ಅದನ್ನು ತಮ್ಮದೇ ಅಂತ ತಿಳಿದು ಓದುತ್ತವೆ. ಓದಿ ಒಂದೇ ಉದ್ದದ ಪ್ರೋಟೀನ್ ಸರಪಳಿ ಹೆಣೆಯುತ್ತವೆ. ಸುಮಾರು 3,400 ಕೊಂಡಿಗಳ ಸರಪಳಿ ಅದು, ಒಂದೊಂದು ಕೊಂಡಿಯೂ ಒಂದು ಅಮೈನೋ ಆಮ್ಲ. ಆಮೇಲೆ ಕತ್ತರಿ ಬೀಳುತ್ತದೆ. ಕೆಲವು ಕತ್ತರಿ ವೈರಸ್ಸಿನವು, ಕೆಲವು ನಮ್ಮ ಜೀವಕೋಶದವೇ. ಹತ್ತು ತುಂಡಾಗುತ್ತದೆ. ಮೂರು ತುಂಡು ವೈರಸ್ಸಿನ ಮೈ ಕಟ್ಟುತ್ತವೆ. ಉಳಿದ ಏಳು ಕೆಲಸದವು. ಅಕ್ಕನ ಚೀಟಿಯಲ್ಲಿದ್ದ ಎನ್‌ಎಸ್1 ಈ ಏಳರಲ್ಲಿ ಒಂದು. ಎನ್‌ಎಸ್5 ಎಂಬ ಇನ್ನೊಂದು ತುಂಡು ಪ್ಯಾಟರ್ನಿನ ನಕಲು ತೆಗೆಯುತ್ತದೆ. ಆ ನಕಲುಗಳಲ್ಲಿ ಕೆಲವನ್ನು ಮತ್ತೆ ರೈಬೋಸೋಮು ಓದುತ್ತದೆ, ಕೆಲವು ಹೊಸ ಕಣದೊಳಗೆ ಪ್ಯಾಕ್ ಆಗಿ ಹೊರಗೆ ಹೋಗುತ್ತವೆ.

ಓದುವುದು, ನಕಲು ತೆಗೆಯುವುದು, ಪ್ಯಾಕ್ ಮಾಡುವುದು. ಈ ಮೂರನ್ನು ಬೇರೆ ಬೇರೆಯಾಗಿ ನೋಡುವುದೇ ಇಡೀ ಸವಾಲು. ಔಷಧಿ ಹುಡುಕುವವರಿಗೂ ಇದೇ ಬೇಕು. ಒಂದು ಗುಳಿಗೆ ವೈರಸ್ಸನ್ನು ಕಡಿಮೆ ಮಾಡಿತು ಅಂದರೆ ಸಾಲದು, ಯಾವ ಹಂತದಲ್ಲಿ ತಡೆಯಿತು ಅಂತ ತಿಳಿಯಬೇಕು.

ಈ ಪ್ಯಾಟರ್ನಿನ ನಡುವೆ ನಮ್ಮದೊಂದು ಸಣ್ಣ ಪ್ಯಾಟರ್ನ್ ಸೇರಿಸಿಬಿಟ್ಟರೆ? ವೈರಸ್ ತನ್ನ ಪ್ರೋಟೀನು ಮಾಡಿಸುವಾಗಲೆಲ್ಲ ಬೆಳಕು ಕೊಡುವ ಇನ್ನೊಂದು ಪ್ರೋಟೀನೂ ಆಗುತ್ತದೆ. ಬೆಳಕನ್ನು ಅಳೆದರೆ ಒಳಗಿನ ಕೆಲಸ ಅಳೆದ ಹಾಗೆ. ಜೀವಕೋಶಕ್ಕೆ ಇದು ವೈರಸ್ಸಿನ ಅಕ್ಷರ, ಇದು ನಾವು ಹೊಲಿದ ಅಕ್ಷರ ಅನ್ನುವ ಭೇದ ಗೊತ್ತಾಗುವುದಿಲ್ಲ. ಸಾಲಿನಲ್ಲಿ ಏನಿದೆಯೋ ಅದನ್ನು ಓದುತ್ತದೆ.

ಆರ್‌ಎನ್‌ಎಯನ್ನು ನೇರವಾಗಿ ಕತ್ತರಿಸಿ ಹೊಲಿಯುವುದು ಕಷ್ಟ, ಅದು ಬೇಗ ಹಾಳಾಗುತ್ತದೆ. ಹಾಗಾಗಿ ಮೊದಲು ಅದರ ಡಿಎನ್‌ಎ ನಕಲು ಮಾಡಿಕೊಂಡು, ಬ್ಯಾಕ್ಟೀರಿಯಾದೊಳಗೆ ಬೆಳೆಸಿ, ಬೇಕಾದ ತಿದ್ದುಪಡಿಯನ್ನು ಅಲ್ಲೇ ಮಾಡುತ್ತಾರೆ. 1981ರಲ್ಲಿ ವಿನ್ಸೆಂಟ್ ರಾಕನಿಯೆಲ್ಲೊ ಮತ್ತು ಡೇವಿಡ್ ಬಾಲ್ಟಿಮೋರ್ ಪೋಲಿಯೊ ವೈರಸ್ಸಿನ ಇಡೀ ಪ್ಯಾಟರ್ನಿನ ಡಿಎನ್‌ಎ ನಕಲನ್ನು ಜೀವಕೋಶಗಳಿಗೆ ಕೊಟ್ಟರು. ಒಳಗಿನಿಂದ ಜೀವಂತ ಪೋಲಿಯೊ ವೈರಸ್ ಹೊರಬಂತು. ವೈರಸ್ಸಿನ ಮೇಲೆ ಕತ್ತರಿ ಹಾಕುವ ದಾರಿ ಅಲ್ಲಿಂದ ತೆರೆಯಿತು. ಡೆಂಗಿಯಲ್ಲಿ ತಿದ್ದಿದ ಡಿಎನ್‌ಎಯಿಂದ ಮತ್ತೆ ಆರ್‌ಎನ್‌ಎ ಮಾಡಿ, ಸಣ್ಣದೊಂದು ವಿದ್ಯುತ್ ಪೆಟ್ಟು ಕೊಟ್ಟು ಅದನ್ನು ಜೀವಕೋಶದ ಒಳಗೆ ನುಗ್ಗಿಸುತ್ತಾರೆ.

ಎಲ್ಲಿ ಹೊಲಿಯುವುದು?

ನನ್ನ ಮಟ್ಟಿಗೆ ಈ ವಿದ್ಯೆಯ ಜೀವಾಳ ಇಲ್ಲಿದೆ. ಯಾವ ದೀಪ ಅನ್ನುವುದು ಆಮೇಲಿನ ಮಾತು. ದೀಪವನ್ನು ಎಲ್ಲಿ ಕೂರಿಸಿದೆವು ಅನ್ನುವುದರ ಮೇಲೆ ಆ ಬೆಳಕಿಗೆ ಏನು ಅರ್ಥ ಅನ್ನುವುದು ನಿಂತಿದೆ.

ಡೆಂಗಿಯ ಪ್ಯಾಟರ್ನಿನಲ್ಲಿ ಖಾಲಿ ಜಾಗ ಇಲ್ಲ. ಒಂದು ಜೀನ್ ಮುಗಿದಲ್ಲೇ ಇನ್ನೊಂದು ಶುರು. ಮಧ್ಯದಲ್ಲಿ ಸುಮ್ನೆ ತುರುಕಿದರೆ ಮುಂದಿನದೆಲ್ಲ ಕೆಡುತ್ತದೆ. ಸರಿ, ಮೊದಲಲ್ಲೇ ಇಡೋಣ ಅಂದರೆ ಅಲ್ಲೂ ಒಂದು ತೊಡಕಿದೆ. ನಕಲು ಶುರುವಾಗಬೇಕಾದರೆ ಆರ್‌ಎನ್‌ಎ ಎಳೆಯ ಎರಡು ತುದಿಗಳು ಬಾಗಿ ಬಂದು ಒಂದಕ್ಕೊಂದು ಕೈ ಹಿಡಿಯಬೇಕು. ಮೊದಲ ತುದಿಯ 'ಕೈ' ಇರುವುದು ಮೊದಲ ಜೀನಿನ ಒಳಗೇ. ಅದನ್ನು ತೆಗೆದರೂ, ದೂರ ತಳ್ಳಿದರೂ ನಕಲು ನಿಂತುಹೋಗುತ್ತದೆ.

ಇದಕ್ಕೆ ಕಂಡುಕೊಂಡ ದಾರಿಯನ್ನು ಅಕ್ಕ ತಕ್ಷಣ ಒಪ್ಪಿದಳು. ಮೊದಲ ಜೀನಿನ ಆರಂಭದ ಸ್ವಲ್ಪ ಭಾಗವನ್ನು ಇದ್ದಲ್ಲೇ ಬಿಡುವುದು. ಅದರ ಬೆನ್ನಿಗೆ ದೀಪದ ಜೀನ್ ಹೊಲಿಯುವುದು. ಆಮೇಲೆ ಮೊದಲ ಜೀನನ್ನು ಪೂರ್ತಿಯಾಗಿ ಮತ್ತೊಮ್ಮೆ ಶುರು ಮಾಡುವುದು. ಎರಡನೇ ಸಲ ಬರೆಯುವಾಗ ಅಕ್ಷರಗಳನ್ನು ಬದಲಿಸುತ್ತಾರೆ, ಆದರೆ ಪ್ರೋಟೀನ್ ಅದೇ ಬರುವ ಹಾಗೆ. ಒಂದೇ ಥರದ ಎರಡು ತುಂಡು ಇದ್ದರೆ ವೈರಸ್ ಒಂದರಿಂದ ಇನ್ನೊಂದಕ್ಕೆ ಜಿಗಿದು ನಡುವಿನದನ್ನು ಬೀಳಿಸಿಬಿಡುತ್ತದೆ, ಅದಕ್ಕೆ.

ಇನ್ನೊಂದು ಸಮಸ್ಯೆ: ದೀಪದ ಪ್ರೋಟೀನು ವೈರಸ್ಸಿನ ಪ್ರೋಟೀನಿಗೆ ಅಂಟಿಕೊಂಡೇ ಹೊರಬಂದರೆ ಎರಡೂ ಕೆಲಸ ಮಾಡಲಿಕ್ಕಿಲ್ಲ. ಬಿಡಿಸಬೇಕು. ಅದಕ್ಕೆ ಬಳಸುವ ತುಂಡು ಬಂದಿರುವುದು ನಮ್ಮ ಕಡೆಯ ರೈತರಿಗೆ ಚೆನ್ನಾಗಿ ಗೊತ್ತಿರುವ ಕಡೆಯಿಂದ, ದನಗಳ ಕಾಲುಬಾಯಿ ರೋಗದ ವೈರಸ್ಸಿನಿಂದ. ಅದರಲ್ಲಿ 2ಎ ಎಂಬ, ಇಪ್ಪತ್ತು ಅಮೈನೋ ಆಮ್ಲಕ್ಕಿಂತ ಜಾಸ್ತಿ ಇಲ್ಲದ ಒಂದು ಪಟ್ಟಿ ಇದೆ. ರೈಬೋಸೋಮು ಹೊಲಿಯುತ್ತಾ ಬಂದು ಆ ಪಟ್ಟಿಯ ಕೊನೆ ತಲುಪಿದಾಗ ಒಂದು ಹೊಲಿಗೆ ತಪ್ಪಿಸಿಬಿಡುತ್ತದೆ. ಹಿಂದಿನ ತುಂಡು ಬಿಟ್ಟುಹೋಗುತ್ತದೆ. ರೈಬೋಸೋಮು ನಿಲ್ಲದೆ ಮುಂದಿನದನ್ನು ಹೊಲಿಯುತ್ತಾ ಹೋಗುತ್ತದೆ. ಕತ್ತರಿಯೇ ಬೇಡ. ದನಗಳನ್ನು ಗೋಳಾಡಿಸುವ ವೈರಸ್ಸಿನ ಒಂದು ಚೂರು ಈಗ ಪ್ರಪಂಚದ ಸಾವಿರಾರು ಲ್ಯಾಬುಗಳಲ್ಲಿ ದಿನನಿತ್ಯದ ಸಾಮಾನು.

ಒಂದು ತಟ್ಟೆ, ಎರಡು ಗೆರೆ

ಈಗ ನಾನೇ ಮಾಡಿದ ಒಂದು ಪ್ರಯೋಗ ಹೇಳುತ್ತೇನೆ. ಇದನ್ನು ಎಷ್ಟು ಸಲ ನೆನೆದರೂ ನನಗೆ ಖುಷಿಯೇ.

ಇದರಲ್ಲಿ ಪೂರ್ತಿ ವೈರಸ್ ಇರುವುದಿಲ್ಲ. ಮೈ ಕಟ್ಟುವ ಮೂರು ಜೀನುಗಳನ್ನು ಬಹುಪಾಲು ತೆಗೆದುಹಾಕಿ ಆ ಜಾಗದಲ್ಲಿ ಲೂಸಿಫರೇಸ್ ಎಂಬ ದೀಪದ ಜೀನನ್ನು ಹೊಲಿದಿರುತ್ತಾರೆ. ಇದಕ್ಕೆ ರೆಪ್ಲಿಕಾನ್ ಅಂತ ಹೆಸರು. ಇದು ಜೀವಕೋಶದೊಳಗೆ ಓದಿಸಿಕೊಳ್ಳುತ್ತದೆ, ನಕಲಾಗುತ್ತದೆ. ಆದರೆ ಹೊರಗೆ ಹೋಗಲು ಅದಕ್ಕೆ ಮೈಯೇ ಇಲ್ಲ. ಪಕ್ಕದ ಜೀವಕೋಶಕ್ಕೂ ದಾಟಲಾರದು.

ಜೊತೆಗೆ ಇನ್ನೊಂದು ರೆಪ್ಲಿಕಾನ್ ಇರುತ್ತದೆ. ಎಲ್ಲಾ ಅದೇ, ಆದರೆ ನಕಲು ತೆಗೆಯುವ ಎನ್‌ಎಸ್5ರ ನಡುಭಾಗದಲ್ಲಿ ಒಂದು ಅಮೈನೋ ಆಮ್ಲ ಬದಲಿಸಿರುತ್ತಾರೆ. ಸಾವಿರಾರು ಅಮೈನೋ ಆಮ್ಲಗಳಲ್ಲಿ ಒಂದೇ ಒಂದು. ಅಷ್ಟಕ್ಕೇ ಅದರ ನಕಲು ಯಂತ್ರ ಕೆಟ್ಟು ಕೂರುತ್ತದೆ.

ಎರಡನ್ನೂ ಬೇರೆ ಬೇರೆ ಜೀವಕೋಶಗಳಿಗೆ ಕೊಟ್ಟು, ಹೊತ್ತು ಹೊತ್ತಿಗೆ ಒಂದಿಷ್ಟು ಜೀವಕೋಶ ಒಡೆದು, ಬಿಳಿ ಪ್ಲಾಸ್ಟಿಕ್ ತಟ್ಟೆಯ 96 ಕುಳಿಗಳಲ್ಲಿ ಹಾಕುತ್ತೇವೆ. ಮಿಂಚುಹುಳದ ಹೊಟ್ಟೆಯಲ್ಲಿ ಇರುವಂಥದ್ದೇ ಲೂಸಿಫೆರಿನ್ ಎಂಬ ಇಂಧನವನ್ನು ಪ್ರತಿ ಕುಳಿಗೂ ಬಿಟ್ಟು ಯಂತ್ರದೊಳಗೆ ಇಡುತ್ತೇವೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಬೀಳುತ್ತವೆ. ಅವನ್ನು ಗಂಟೆಗಳ ಲೆಕ್ಕದಲ್ಲಿ ಜೋಡಿಸಿದರೆ ಎರಡು ಗೆರೆ ಮೂಡುತ್ತವೆ.

ಮೊದಲ ಕೆಲವು ಗಂಟೆ ಎರಡೂ ಹೊಳೆಯುತ್ತವೆ, ಹೆಚ್ಚುಕಮ್ಮಿ ಒಂದೇ ಸಮ. ಮೊದಲ ಸಲ ನೋಡಿದಾಗ ನನಗೆ ಗಾಬರಿಯಾಗಿತ್ತು. ಕೆಟ್ಟ ಯಂತ್ರದ್ದು ಹೊಳೆಯಬಾರದಲ್ವಾ? ಪಕ್ಕದಲ್ಲಿದ್ದ ಹಿರಿಯ ಅಕ್ಕ ಒಬ್ಬರು, "ಯೋಚನೆ ಮಾಡು, ಇನ್ನೂ ನಕಲೇ ಶುರುವಾಗಿಲ್ಲ" ಅಂದರು. ಹೌದು. ನಾವು ಕೈಯಾರೆ ಒಳಗೆ ಹಾಕಿದ ಆರ್‌ಎನ್‌ಎಯನ್ನೇ ರೈಬೋಸೋಮು ಓದಿ ಬೆಳಕು ಮಾಡಿದೆ. ಅದು ಓದುವ ಹಂತದ ಬೆಳಕು. ಆಮೇಲೆ ಎರಡೂ ಗೆರೆ ಕೆಳಗಿಳಿಯುತ್ತವೆ, ಹಾಕಿದ ಆರ್‌ಎನ್‌ಎ ಹಾಳಾಗುತ್ತಾ ಬರುವುದರಿಂದ. ಒಂದು ದಿನ ಕಳೆಯುವಷ್ಟರಲ್ಲಿ ಎರಡು ಗೆರೆ ಬೇರೆ ದಾರಿ ಹಿಡಿಯುತ್ತವೆ. ಕೆಟ್ಟದ್ದು ಇಳಿದು ಇಳಿದು ಆರಿಹೋಗುತ್ತದೆ. ಸರಿಯಿರುವುದು ತಿರುಗಿ ಏರುತ್ತದೆ. ಎರಡನೇ ದಿನ, ಮೂರನೇ ದಿನ ಮೊದಲ ಏರಿಗಿಂತ ಎಷ್ಟೋ ಪಟ್ಟು ಮೇಲೆ ಹೋಗುತ್ತದೆ. ಈ ಎರಡನೇ ಏರು ನಕಲಿನದು.

ಒಂದೇ ಬೆಳಕು, ಎರಡು ಸುದ್ದಿ. ಯಾವ ಸುದ್ದಿ ಅಂತ ಹೇಳಿದ್ದು ಗಡಿಯಾರ ಮತ್ತು ಆ ಕೆಟ್ಟ ಜೋಡಿ. ಈಗ ಒಂದು ಗುಳಿಗೆಯ ಪುಡಿ ಹಾಕಿ ನೋಡಿ. ಮೊದಲ ಏರೇ ಬರಲಿಲ್ಲ ಅಂದರೆ ಅದು ಓದುವುದನ್ನು ತಡೆಯುತ್ತಿದೆ, ಅಥವಾ ಜೀವಕೋಶವನ್ನೇ ಕೊಲ್ಲುತ್ತಿದೆ. ಮೊದಲ ಏರು ಸರಿಯಿದ್ದು ಎರಡನೆಯದು ಬರಲಿಲ್ಲ ಅಂದರೆ ಅದು ನಕಲಿಗೆ ಅಡ್ಡ ನಿಂತಿದೆ. ಎರಡೂ ಸರಿಯಿದ್ದು, ಪೂರ್ತಿ ವೈರಸ್ಸಿನಲ್ಲಿ ಮಾತ್ರ ತೂತುಗಳ ಲೆಕ್ಕ ಕಡಿಮೆ ಬಂದರೆ? ಪೆಟ್ಟು ಬಿದ್ದಿರುವುದು ಒಳಗೆ ಹೋಗುವ ಬಾಗಿಲಲ್ಲಿ ಅಥವಾ ಪ್ಯಾಕಿಂಗಿನಲ್ಲಿ.

ಹೆಪಟೈಟಿಸ್ ಸಿ ಕಥೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಆ ವೈರಸ್ ಪತ್ತೆಯಾದದ್ದು 1989ರಲ್ಲಿ. ಆದರೆ ಎಷ್ಟು ವರ್ಷ ಒದ್ದಾಡಿದರೂ ತಟ್ಟೆಯಲ್ಲಿ ಅದು ಸರಿಯಾಗಿ ಬೆಳೆಯಲಿಲ್ಲ. ಬೆಳೆಯದ ಮೇಲೆ ಔಷಧಿ ಪರೀಕ್ಷಿಸುವುದು ಯಾವುದರ ಮೇಲೆ? 1999ರಲ್ಲಿ ಜರ್ಮನಿಯಲ್ಲಿ ರಾಲ್ಫ್ ಬಾರ್ಟೆನ್‌ಶ್ಲಾಗರ್ ಅವರ ತಂಡ, ಫೋಲ್ಕರ್ ಲೋಹ್‌ಮಾನ್ ಮುಂದಾಳತ್ವದ ಕೆಲಸದಲ್ಲಿ, ಅದರ ಮೈ ಕಟ್ಟುವ ಜೀನುಗಳನ್ನು ತೆಗೆದು ಅಲ್ಲಿ ಬೇರೊಂದು ಜೀನ್ ಇಟ್ಟಿತು. ಅದು ದೀಪವಲ್ಲ, ಒಂದು ವಿಷದಿಂದ ಜೀವಕೋಶವನ್ನು ಕಾಪಾಡುವ ಜೀನ್. ವಿಷ ಹಾಕಿದಾಗ ನಕಲು ನಡೆಯುತ್ತಿದ್ದ ಜೀವಕೋಶಗಳು ಮಾತ್ರ ಬದುಕಿದವು. ಆಮೇಲೆ ಅದಕ್ಕೆ ಲೂಸಿಫರೇಸ್ ಕೂಡ ಸೇರಿತು. ಸಾವಿರಾರು ರಾಸಾಯನಿಕಗಳನ್ನು ಒಂದೊಂದು ಕುಳಿಗೆ ಹಾಕಿ, ಎಲ್ಲಿ ಬೆಳಕು ಆರಿತು ಅಂತ ನೋಡುವುದು ಸಾಧ್ಯವಾಯಿತು. ಡಕ್ಲಾಟಾಸ್ವಿರ್ ಎಂಬ ಗುಳಿಗೆಯ ಬೇರು ಸಿಕ್ಕಿದ್ದು ಇಂಥ ಹುಡುಕಾಟದಲ್ಲೇ. ಇವತ್ತು ಹೆಪಟೈಟಿಸ್ ಸಿ ಬಹುತೇಕ ರೋಗಿಗಳಲ್ಲಿ ಕೆಲವು ವಾರಗಳ ಗುಳಿಗೆಯಿಂದ ಪೂರ್ತಿ ವಾಸಿಯಾಗುತ್ತದೆ. ಡೆಂಗಿಗೆ ಅಂಥ ಗುಳಿಗೆ ಇನ್ನೂ ಬಂದಿಲ್ಲ. ಹುಡುಕಾಟ ನಡೆದಿರುವುದು ಇದೇ ಬಿಳಿ ತಟ್ಟೆಗಳಲ್ಲಿ.

ಮಿಂಚುಹುಳ, ಅಂಬಲಿಮೀನು

ದೀಪಗಳಲ್ಲಿ ಎರಡು ಕುಲ. ಮಿಂಚುಹುಳದ ಲೂಸಿಫರೇಸ್ ಇಂಧನ ಸುಟ್ಟು ಬೆಳಕು ಕೊಡುತ್ತದೆ. ಹೊರಗಿನ ಬೆಳಕು ಬೇಡ, ಹಾಗಾಗಿ ಸುತ್ತಲೂ ಪೂರ್ತಿ ಕತ್ತಲು. ಅಮಾವಾಸ್ಯೆಯ ರಾತ್ರಿ ಹೊಲದಲ್ಲಿ ಒಂದೇ ಹುಳ ಇದ್ದರೂ ಕಾಣುವ ಹಾಗೆ, ತೀರಾ ಕಡಿಮೆ ಇದ್ದರೂ ಅಳೆಯಬಹುದು. ಈ ಪ್ರೋಟೀನು ಜೀವಕೋಶದಲ್ಲಿ ಕೆಲವೇ ಗಂಟೆ ಉಳಿಯುತ್ತದೆ. ಅದು ಒಳ್ಳೆಯದೇ. ವೈರಸ್ ನಿಧಾನವಾದರೆ ಬೆಳಕೂ ಬೇಗ ಇಳಿಯುತ್ತದೆ.

ಇನ್ನೊಂದು ಜಿಎಫ್‌ಪಿ, ಹಸಿರು ಹೊಳೆಯುವ ಪ್ರೋಟೀನು. ಇದು ಬಂದದ್ದು ಅಂಬಲಿಮೀನಿನಿಂದ, ಅಂದರೆ ಜೆಲ್ಲಿಫಿಶ್ಶಿನಿಂದ. ಇದರ ಮೇಲೆ ನೀಲಿ ಬೆಳಕು ಹಾಯಿಸಿದರೆ ಹಸಿರು ಬೆಳಕು ಕೊಡುತ್ತದೆ. ಇಂಧನ ಬೇಡ, ಜೀವಕೋಶ ಒಡೆಯುವುದೂ ಬೇಡ. ಬದುಕಿರುವಾಗಲೇ ಯಾವ ಜೀವಕೋಶದಲ್ಲಿ ವೈರಸ್ ಇದೆ, ಯಾವುದರಲ್ಲಿ ಇಲ್ಲ ಅಂತ ಕಣ್ಣಾರೆ ನೋಡಬಹುದು. ಆದರೆ ಇದು ಒಂದು ದಿನಕ್ಕೂ ಮೀರಿ ಉಳಿಯುತ್ತದೆ. ವೈರಸ್ ಕೆಲಸ ನಿಲ್ಲಿಸಿದ ಮೇಲೂ ಹಸಿರು ಇದ್ದೇ ಇರುತ್ತದೆ. ಅದಕ್ಕೇ 'ಎಲ್ಲಿ' ಅನ್ನುವ ಪ್ರಶ್ನೆಗೆ ಜಿಎಫ್‌ಪಿ, 'ಈಗ ಎಷ್ಟು' ಅನ್ನುವುದಕ್ಕೆ ಲೂಸಿಫರೇಸ್.

ಜಪಾನಿನ ಒಸಾಮು ಶಿಮೊಮುರಾ 1961ರ ಬೇಸಿಗೆಯಲ್ಲಿ ಅಮೆರಿಕದ ಫ್ರೈಡೇ ಹಾರ್ಬರ್ ದಂಡೆಯಲ್ಲಿ ಸುಮಾರು ಹತ್ತು ಸಾವಿರ ಅಂಬಲಿಮೀನು ಹಿಡಿದು, ಅಂಚನ್ನು ಕತ್ತರಿಸಿ, ಬಟ್ಟೆಯಲ್ಲಿ ಹಿಂಡಿದರು. ಅವರು ಹುಡುಕುತ್ತಿದ್ದದ್ದು ಇನ್ನೊಂದು ಪ್ರೋಟೀನು. ಜಿಎಫ್‌ಪಿ ಅದರ ಜೊತೆಗೆ ಸಿಕ್ಕಿತು. ಅದರ ಜೀನನ್ನು 1992ರಲ್ಲಿ ಬಿಡಿಸಿ ಓದಿದವರು ಡಗ್ಲಸ್ ಪ್ರಾಶರ್. ಸಂಶೋಧನೆ ಮುಂದುವರಿಸಲು ಅವರಿಗೆ ಹಣ ಸಿಗಲಿಲ್ಲ. ಕೇಳಿದವರಿಗೆ ಆ ಜೀನನ್ನು ಕಳಿಸಿಕೊಟ್ಟರು. ಮಾರ್ಟಿನ್ ಚಾಲ್ಫಿ 1994ರಲ್ಲಿ ಅದನ್ನು ಬ್ಯಾಕ್ಟೀರಿಯಾ ಮತ್ತು ಸಣ್ಣ ಹುಳುವಿನಲ್ಲಿ ಹೊಳೆಯಿಸಿದರು, ರೋಜರ್ ಚಿಯೆನ್ ಅದಕ್ಕೆ ಹಲವು ಬಣ್ಣ ಕೊಟ್ಟರು. 2008ರಲ್ಲಿ ಶಿಮೊಮುರಾ, ಚಾಲ್ಫಿ, ಚಿಯೆನ್ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಆ ಹೊತ್ತಿಗೆ ಪ್ರಾಶರ್ ಅಲಬಾಮಾದಲ್ಲಿ ಕಾರು ಮಾರುವ ಕಂಪನಿಯೊಂದರ ವ್ಯಾನ್ ಓಡಿಸುತ್ತಿದ್ದರು. ಜಿಎಫ್‌ಪಿ ಪಾಠ ಮಾಡುವಾಗ ಅವರ ಹೆಸರನ್ನು ನಾನು ಬಿಡುವುದಿಲ್ಲ.

ಜಿಎಫ್‌ಪಿಯ ಹಸಿರು ಪುಸ್ತಕದ ಒಂದು ಬಾಣವನ್ನೇ ತಿರುಗಿಸಿದ್ದೂ ಇದೆ. ದಡಾರ ಕೆಮ್ಮಿನಿಂದ, ಸೀನಿನಿಂದ ಹರಡುತ್ತದೆ. ಹಾಗಾಗಿ ವೈರಸ್ ಮೊದಲು ಶ್ವಾಸನಾಳದ ಒಳಗೋಡೆಯ ಜೀವಕೋಶಗಳಲ್ಲೇ ಬೆಳೆಯುತ್ತದೆ ಅಂತ ಬಹಳ ಕಾಲ ಹೇಳಿಕೊಡುತ್ತಿದ್ದರು. ಜಿಎಫ್‌ಪಿ ಹೊಲಿದ ದಡಾರ ವೈರಸ್ಸನ್ನು ಮಂಗಗಳಿಗೆ ಕೊಟ್ಟು ನೋಡಿದ ಕೆಲಸ 2007ರಲ್ಲಿ ಪ್ರಕಟವಾಯಿತು. ಹಸಿರು ಕಂಡದ್ದು ಮುಖ್ಯವಾಗಿ ದೇಹದ ಕಾವಲು ಜೀವಕೋಶಗಳಲ್ಲಿ. ಶ್ವಾಸನಾಳದ ಗೋಡೆಯಲ್ಲಿ ತೀರಾ ಕಡಿಮೆ. ಆ ಗೋಡೆಗೆ ವೈರಸ್ ಹೋಗುವುದು ಆಮೇಲೆ, ಒಳಗಿನ ಕಡೆಯಿಂದ, ಹೊರಬೀಳುವ ದಾರಿಯಾಗಿ. ಆ ಒಳಬಾಗಿಲ ಚಿಲಕ ನೆಕ್ಟಿನ್-4 ಎಂಬ ಪ್ರೋಟೀನು ಅಂತ 2011ರಲ್ಲಿ ಗೊತ್ತಾಯಿತು.

ದಡಾರದ ವೈರಸ್ಸಿನಲ್ಲಿ ಹೊಲಿಯುವವರಿಗೆ ಒಂದು ವಿಚಿತ್ರ ಕಟ್ಟಳೆಯೂ ಇದೆ. ಅದರ ಪ್ಯಾಟರ್ನಿನಲ್ಲಿ 15,894 ಅಕ್ಷರ. ಆರರಿಂದ ಭಾಗಿಸಿ ನೋಡಿ, ಸರಿಯಾಗಿ 2,649 ಬರುತ್ತದೆ. ಅದರ ಹೊದಿಕೆಯ ಪ್ರೋಟೀನು ಆರಾರು ಅಕ್ಷರಗಳನ್ನು ಹಿಡಿದು ಕೂರುತ್ತದೆ, ಕೊನೆಯಲ್ಲಿ ಅಕ್ಷರ ಉಳಿಯಬಾರದು. ಹಾಗಾಗಿ ನಾವು ಸೇರಿಸುವ ತುಂಡನ್ನೂ ಆರರ ಲೆಕ್ಕಕ್ಕೆ ಕೂರಿಸಬೇಕು. ತಪ್ಪಿದರೆ ವೈರಸ್ ಸರಿಯಾಗಿ ನಕಲಾಗುವುದಿಲ್ಲ.

ಭಾರ ಹೊರಲಾರದ ವೈರಸ್

ಇಷ್ಟು ಹೇಳುವಷ್ಟರಲ್ಲಿ ಅಕ್ಕ ಕೇಳಿದಳು, "ಅಷ್ಟು ದೊಡ್ಡ ಚೀಟಿ ಹೊಲಿದ್ರೆ ಪ್ಯಾಂಟೇ ಕೆಡಲ್ವಾ?"

ಕೆಡುತ್ತದೆ. ಮಿಂಚುಹುಳದ ಲೂಸಿಫರೇಸಿಗೆ ಸುಮಾರು 1,650 ಅಕ್ಷರ ಬೇಕು. 10,700 ಅಕ್ಷರದ ಡೆಂಗಿಗೆ ಅದು ನೂರಕ್ಕೆ ಹದಿನೈದರಷ್ಟು ಹೆಚ್ಚಿನ ಹೊರೆ. ಡೆಂಗಿಯ ಕಣ ಗುಂಡಗಿನ ಡಬ್ಬಿಯಂತೆ, ತುರುಕಲು ಒಂದು ಮಿತಿ ಇದೆ. ನಕಲು ನಿಧಾನವಾಗುತ್ತದೆ. ನಕಲು ತೆಗೆಯುವಾಗ ಎಲ್ಲೋ ಒಂದು ಕಣದಲ್ಲಿ ಆಕಸ್ಮಿಕವಾಗಿ ದೀಪದ ತುಂಡು ಬಿದ್ದುಹೋಯಿತು ಅನ್ನಿ. ಹೊರೆ ಇಳಿದ ಆ ಕಣ ಉಳಿದವನ್ನು ಹಿಂದೆ ಹಾಕಿ ಓಡುತ್ತದೆ. ವೈರಸ್ಸನ್ನು ತಟ್ಟೆಯಿಂದ ತಟ್ಟೆಗೆ ಕೆಲವು ಸಲ ದಾಟಿಸುವಷ್ಟರಲ್ಲಿ ದೀಪವಿಲ್ಲದವೇ ತುಂಬಿರುತ್ತವೆ. ತಟ್ಟೆ ಕತ್ತಲಾಗಿರುತ್ತದೆ, ವೈರಸ್ ಮಾತ್ರ ಭರ್ತಿ ಇರುತ್ತದೆ. ನಾನು ಒಮ್ಮೆ ಇದನ್ನು ನೋಡಿ ಔಷಧಿ ಕೆಲಸ ಮಾಡಿತು ಅಂತ ಅರ್ಧ ದಿನ ಸಂಭ್ರಮಪಟ್ಟಿದ್ದೆ. ತೂತು ಎಣಿಸಿದಾಗ ನಿಜ ತಿಳಿಯಿತು. ಅವತ್ತಿನಿಂದ ಬೆಳಕಿನ ಲೆಕ್ಕದ ಪಕ್ಕದಲ್ಲಿ ತೂತಿನ ಲೆಕ್ಕ ಇಲ್ಲದೆ ನಾನು ಯಾವ ಅಂಕಿಯನ್ನೂ ನಂಬಿಲ್ಲ.

ಹಾಗಾಗಿ ದೀಪಗಳು ಸಣ್ಣದಾಗುತ್ತಾ ಬಂದವು. ಆಳ ಸಮುದ್ರದ ಒಂದು ಸಿಗಡಿಯಿಂದ ತೆಗೆದು ತಿದ್ದಿದ ನ್ಯಾನೋಲಕ್ 2012ರಲ್ಲಿ ಬಂತು. ಅದಕ್ಕೆ 171 ಅಮೈನೋ ಆಮ್ಲ, ಅಂದರೆ ಒಂದಕ್ಕೆ ಮೂರರಂತೆ 513 ಅಕ್ಷರ ಸಾಕು. ಬೆಳಕು ಮಿಂಚುಹುಳದ್ದಕ್ಕಿಂತ ಜಾಸ್ತಿ. ಆಮೇಲೆ ಆ ದೀಪವನ್ನೇ ಎರಡು ಮಾಡಿದರು. 11 ಅಮೈನೋ ಆಮ್ಲದ ಚೂರನ್ನು ಮಾತ್ರ ವೈರಸ್ಸಿಗೆ ಹೊಲಿಯುವುದು, ಬರೀ 33 ಅಕ್ಷರ. ದೊಡ್ಡ ತುಂಡನ್ನು ನಾವೇ ಹೊರಗಿನಿಂದ ಕೊಡುವುದು. ಎರಡೂ ಸೇರಿದಲ್ಲಿ ಬೆಳಕು.

ಕುರುಗೋಡು, ಸಿರುಗುಪ್ಪ ಕಡೆಯ ಮೆಣಸಿನಕಾಯಿ ಹೊಲಗಳನ್ನು ಹಾಳು ಮಾಡುವ ಎಲೆ ಮುಟುರು ರೋಗದ ವೈರಸ್ಸಿನಲ್ಲಿ ಈ ಜಾಗದ ಸಮಸ್ಯೆ ಇನ್ನೂ ಬಿಗಿ. ಬಿಳಿ ನೊಣ ಹೊತ್ತು ತರುವ ಈ ಕುಲದ ವೈರಸ್ಸುಗಳಲ್ಲಿ ಒಂದು ಡಿಎನ್‌ಎ ಉಂಗುರಕ್ಕೆ ಸುಮಾರು 2,700 ಅಕ್ಷರ ಮಾತ್ರ. ಏನಾದರೂ ಹೆಚ್ಚಿಗೆ ಸೇರಿಸಿದರೆ ಗಿಡದೊಳಗೆ ಓಡಾಡುವಾಗ ಕತ್ತರಿಸಿ ಮೊದಲಿನ ಅಳತೆಗೆ ಬಂದುಬಿಡುತ್ತವೆ. ಅದಕ್ಕೇ ಈ ಕುಲದ ಕೆಲವು ವೈರಸ್ಸುಗಳಲ್ಲಿ ಹೊರಮೈಯ ಜೀನನ್ನೇ ತೆಗೆದು, ಅಷ್ಟೇ ಜಾಗದಲ್ಲಿ ಜಿಎಫ್‌ಪಿ ಕೂರಿಸುತ್ತಾರೆ. ಹೊರಮೈ ಇಲ್ಲದ್ದನ್ನು ಬಿಳಿ ನೊಣ ಹೊರಲಾರದು, ಹಾಗಾಗಿ ಅದು ಆ ಗಿಡ ಬಿಟ್ಟು ಹೋಗುವುದಿಲ್ಲ.

ಕೋಲಿನಾಕಾರದ ವೈರಸ್ಸುಗಳಲ್ಲಿ ಜಾಗದ ಚಿಂತೆ ಕಡಿಮೆ. ಪ್ಯಾಟರ್ನ್ ಉದ್ದವಾದರೆ ಕೋಲೂ ಉದ್ದವಾಗುತ್ತದೆ ಅಷ್ಟೇ. 1995ರಲ್ಲಿ ಆಲೂಗಡ್ಡೆಯ ಎಕ್ಸ್ ವೈರಸ್ಸಿಗೆ ಜಿಎಫ್‌ಪಿ ಹೊಲಿದು ಗಿಡಕ್ಕೆ ಹಚ್ಚಿದರು. ಅಂಥ ಎಲೆಯನ್ನು ಕತ್ತಲೆ ಕೋಣೆಯಲ್ಲಿ, ನೋಟು ಪರೀಕ್ಷಿಸುವ ಥರದ ನೇರಳಾತೀತ ದೀಪದ ಕೆಳಗೆ ಹಿಡಿದರೆ ಎಲೆಯ ಹಸಿರೆಲ್ಲ ಕುಂಕುಮದಂತೆ ಕೆಂಪಾಗಿ ಕಾಣುತ್ತದೆ, ಅದು ಪತ್ರಹರಿತ್ತಿನ ಹೊಳಪು. ಆ ಕೆಂಪಿನ ಮೇಲೆ ವೈರಸ್ ಇರುವಲ್ಲಿ ಮಾತ್ರ ಹಸಿರು ಚುಕ್ಕೆ. ದಿನ ಕಳೆದಂತೆ ಚುಕ್ಕೆ ಅಗಲವಾಗುತ್ತದೆ. ಆಮೇಲೆ ಮೇಲಿನ ಎಳೆ ಎಲೆಗಳ ನರಗಳ ಗುಂಟ ಹಸಿರು ಹರಡುತ್ತದೆ. ಬಲಿತ ಎಲೆಗಳಿಗೆ ಆ ದಾರಿಯಲ್ಲಿ ಬರುವುದಿಲ್ಲ. ಕಾರಣ, ಗಿಡದಲ್ಲಿ ಸಕ್ಕರೆ ಹರಿಯುವುದು ಬಲಿತ ಎಲೆಯಿಂದ ಚಿಗುರಿನ ಕಡೆಗೆ. ಕಾಲುವೆ ನೀರಿನ ಜೊತೆ ಕಸ ಬಂದ ಹಾಗೆ ವೈರಸ್ ಆ ಹರಿವಿನ ಜೊತೆ ಹೋಗುತ್ತದೆ.

"ಇಂಥದ್ದನ್ನ ತಿದ್ದೋದು ಅಪಾಯ ಅಲ್ವಾ?" ಅಂತ ಭಾವ ಕೇಳಿದರು. ಕೇಳಲೇಬೇಕಾದ ಮಾತು. ಹೊರೆ ಹೊತ್ತ ವೈರಸ್ ಸಾಮಾನ್ಯವಾಗಿ ಮೂಲಕ್ಕಿಂತ ನಿಧಾನ. ಆದರೆ ಅದನ್ನು ನಂಬಿ ಯಾರೂ ಕೂರುವುದಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ 1989ರ ನಿಯಮಗಳಿವೆ. ಪ್ರತಿ ಸಂಸ್ಥೆಯಲ್ಲೂ ಜೈವಿಕ ಸುರಕ್ಷತಾ ಸಮಿತಿ ಇರಬೇಕು, ಅದರ ಮೇಲೆ ಕೇಂದ್ರದ ಸಮಿತಿಗಳಿವೆ. ನಿಫಾದಂಥ ವೈರಸ್ಸಿನಲ್ಲಿ ಜೀವಂತ ವೈರಸ್ಸನ್ನು ಮುಟ್ಟದೆಯೇ ಬಹಳಷ್ಟು ಕಲಿಯುತ್ತಾರೆ. ದೀಪದ ಜೀನ್ ಒಂದನ್ನೇ ಇಟ್ಟು, ಅದರ ಎರಡು ತುದಿಗೆ ಮಾತ್ರ ನಿಫಾದ ಅಕ್ಷರ ಹೊಲಿದು, ನಕಲು ತೆಗೆಯುವ ಮೂರು ಪ್ರೋಟೀನನ್ನು ಬೇರೆಯಾಗಿ ಕೊಡುತ್ತಾರೆ. ನಕಲು ಯಂತ್ರ ತಿರುಗುತ್ತದೆ, ಬೆಳಕು ಬರುತ್ತದೆ. ವೈರಸ್ ಮಾತ್ರ ಹುಟ್ಟುವುದೇ ಇಲ್ಲ.

ಅಷ್ಟು ಹೊತ್ತೂ ಹುಡುಗ ಪೀಸಿನ ಕಟ್ಟಿನ ಮೇಲೆ ಕೂತು ಕೇಳುತ್ತಿದ್ದ. "ಮಾಮಾ, ನನ್ನ ಮೈಯಾಗ ಇದ್ದದ್ದೂ ಹೊಳೀತಿತ್ತಾ?" ಅಂದ.

ಇಲ್ಲ ಅಂದೆ. ಸೊಳ್ಳೆ ತಂದ ವೈರಸ್ಸಿನಲ್ಲಿ ಯಾರೂ ದೀಪ ಹೊಲಿದಿರುವುದಿಲ್ಲ. ಲ್ಯಾಬಿನ ಇಲಿಗೆ ದೀಪದ ವೈರಸ್ ಕೊಟ್ಟು ಲೂಸಿಫೆರಿನ್ ಚುಚ್ಚಿದರೆ, ಕತ್ತಲ ಪೆಟ್ಟಿಗೆಯ ಕ್ಯಾಮೆರಾಕ್ಕೆ ಚರ್ಮದ ಹೊರಗಿನಿಂದಲೇ ಬೆಳಕು ಕಾಣುತ್ತದೆ. ಇವತ್ತು ಹೊಟ್ಟೆ, ನಾಳೆ ಇನ್ನೊಂದು ಕಡೆ ಅಂತ ಅದೇ ಇಲಿಯಲ್ಲಿ ದಿನಾ ನೋಡಬಹುದು. ಹುಡುಗ ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನೋಡಿಕೊಂಡ. ಅಕ್ಕ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿ, ಹೊರಗಿನ ಡ್ರಮ್ಮಿಗೆ ಬಟ್ಟೆ ಕಟ್ಟಲು ಎದ್ದಳು.